ಒಣಕಸವನ್ನು ಮಾಲು ಮಾಡುವ ಬಗೆ: ಹಾಲಿನ ಕವರ್‌ನಿಂದ ಹಳೇ ಸೀರೆವರೆಗೆ

ನಮ್ಮ ವಾರ್ಡಿನ ಒಣಕಸ ಕೇಂದ್ರಕ್ಕೆ ಮೊದಲ ಸಲ ಹೋದದ್ದು ಎರಡು ಚೀಲ ಹಳೇ ಪುಸ್ತಕ ಕೊಡೋಕೆ. ನೆಲದ ಮೇಲೆ ಕಸದ ಗುಡ್ಡೆ. ಅದರ ಸುತ್ತ ಐದಾರು ಹೆಂಗಸರು ಕೂತು ವಿಂಗಡಿಸುತ್ತಿದ್ದರು. ಒಬ್ಬರು ಒಂದು ಪ್ಲಾಸ್ಟಿಕ್ ಕವರ್ ಎತ್ತಿ ಕೈಯಲ್ಲೇ ಹಿಂಡಿದರು. ಚರಚರ ಅಂತ ಸದ್ದು ಬಂತು. ಎಡಗಡೆ ಚೀಲಕ್ಕೆ ಹಾಕಿದರು. ಇನ್ನೊಂದನ್ನು ಹಿಂಡಿದರು, ಸದ್ದೇ ಇಲ್ಲ, ಮೆತ್ತಗಿತ್ತು. ಅದು ಬಲಗಡೆ ಹೋಯಿತು. ಚರಚರ ಅನ್ನುವುದು ಪಿಪಿ, ಮೆತ್ತಗಿರುವುದು ಎಲ್‌ಡಿ, ಎರಡೂ ಪ್ಲಾಸ್ಟಿಕ್‌ನ ಬೇರೆ ಬೇರೆ ಜಾತಿ. ಕಣ್ಣಿಗಿಂತ ಮೊದಲು ಅವರ ಕಿವಿ, ಬೆರಳು ಗುರುತು ಹಿಡಿಯುತ್ತಿದ್ದವು.

ಮೂರನೇ ಕವರ್‌ನೊಳಗೆ ಹಳಸಿದ ಸಾಂಬಾರ್ ಇತ್ತು. ಅವರ ಮೊಣಕೈವರೆಗೆ ಇಳಿಯಿತು. ಏನೂ ಅನ್ನದೆ ಕೈ ಒರೆಸಿಕೊಂಡರು. ಆ ಕವರನ್ನೂ, ಅದರ ಪಕ್ಕದಲ್ಲಿ ನೆನೆದಿದ್ದ ನೋಟ್‌ಬುಕ್ಕನ್ನೂ ಹಿಂದಿದ್ದ ರಿಜೆಕ್ಟ್ ಗುಡ್ಡೆಗೆ ಎಸೆದರು. "ನೋಟ್‌ಬುಕ್ ಚೆನ್ನಾಗೇ ಇತ್ತಲ್ವಾ?" ಅಂದೆ. "ಒಣಗಿದ್ರೆ ಮಾಲು. ಸಾಂಬಾರಲ್ಲಿ ನೆನೆದ ಮೇಲೆ ಕಸ" ಅಂದರು.

ಗುಜರಿ ವ್ಯಾಪಾರದಲ್ಲಿ ಮಾರಾಟವಾಗುವ ವಸ್ತುವಿಗೆ ಮಾಲು ಅಂತಾರೆ. ನಾವು ಎಸೆದದ್ದು ಮಾಲು ಆಗುತ್ತಾ, ಕಸ ಆಗುತ್ತಾ ಅನ್ನುವುದು ಬಹುಪಾಲು ನಮ್ಮ ಅಡುಗೆಮನೆಯ ಸಿಂಕ್ ಹತ್ತಿರವೇ ತೀರ್ಮಾನವಾಗಿಬಿಡುತ್ತದೆ. ಅವತ್ತಿನಿಂದ ಮನೆಯಲ್ಲಿ ಏನೇನು ಬದಲಾಯಿಸಿಕೊಂಡೆ, ಯಾವ ವಸ್ತು ಎಲ್ಲಿಗೆ ಹೋಗಿ ಏನಾಗುತ್ತದೆ ಅಂತ ಕೇಳಿ ತಿಳಿದುಕೊಂಡೆ, ಅದನ್ನೇ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಹೆಜ್ಜೆ 1: ಮೊದಲು ಜಾಗ ಮಾಡಿ

ಬೆಂಗಳೂರಿನಲ್ಲಿ "2 ಬುಟ್ಟಿ, 1 ಚೀಲ" ಪದ್ಧತಿ ಕಡ್ಡಾಯವಾಗಿದ್ದು 2015ರ ಡಿಸೆಂಬರ್‌ನಲ್ಲಿ ಬಂದ ಹೈಕೋರ್ಟ್ ಆದೇಶದಿಂದ. ಹಸಿಕಸಕ್ಕೆ ಹಸಿರು ಬುಟ್ಟಿ. ಡೈಪರ್, ಪ್ಯಾಡ್, ಬ್ಯಾಂಡೇಜ್, ಕಸ ಗುಡಿಸಿದ ಧೂಳಿಗೆ ಕೆಂಪು ಬುಟ್ಟಿ. ಒಣಕಸಕ್ಕೆ ಚೀಲ. ಆ ಆದೇಶದ ಹಿಂದೆ ದೊಡ್ಡ ನೋವಿನ ಕಥೆ ಇದೆ. ನಗರದ ಕಸವೆಲ್ಲ ಒಟ್ಟಿಗೆ ಲಾರಿ ಹತ್ತಿ ಹೊರವಲಯದ ಹಳ್ಳಿಗಳಾದ ಮಾವಳ್ಳಿಪುರ, ಮಂಡೂರಿಗೆ ಹೋಗಿ ಬೀಳುತ್ತಿತ್ತು. ಅಲ್ಲಿಯ ಜನ ವರ್ಷಗಟ್ಟಲೆ ಆ ನಾತ, ಆ ನೊಣ, ಕೆಟ್ಟುಹೋದ ಬಾವಿ ನೀರು ಅನುಭವಿಸಿದರು. 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯುವ ಜಾಗ ಮುಚ್ಚಿತು. 2014ರಲ್ಲಿ ಮಂಡೂರಿನವರು ಲಾರಿ ತಡೆದರು. ಆಗ ನಗರಕ್ಕೆ ಕಸದ ಬಿಸಿ ಮುಟ್ಟಿತು.

ಮನೆಯಲ್ಲಿ ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. 25 ಕೆ.ಜಿ. ಅಕ್ಕಿ ಬರುತ್ತದಲ್ಲ, ಆ ಖಾಲಿ ಚೀಲ ಒಂದು. ಯುಟಿಲಿಟಿಯಲ್ಲೋ ಬಾಗಿಲ ಹಿಂದೆಯೋ ಮೊಳೆಗೆ ನೇತುಹಾಕಿ. ಪೇಪರಿಗೆ ಬೇರೆ ಕೈಚೀಲ. ಗಾಜಿಗೆ ಒಂದು ರಟ್ಟಿನ ಡಬ್ಬಿ. ಬ್ಯಾಟರಿ, ವೈರ್, ಕೆಟ್ಟ ಚಾರ್ಜರ್‌ಗೆ ಚಪ್ಪಲಿ ಬರುವ ಪೆಟ್ಟಿಗೆ. ಸಿಂಕ್ ಮೇಲೆ ಅಡ್ಡಲಾಗಿ ಒಂದು ದಾರ ಕಟ್ಟಿ, ನಾಲ್ಕು ಬಟ್ಟೆ ಕ್ಲಿಪ್ ಹಾಕಿ. ಈ ದಾರವೇ ಇಡೀ ವ್ಯವಸ್ಥೆಯ ಜೀವ. ತೊಳೆಯುವುದು ಎಲ್ಲರಿಗೂ ಗೊತ್ತು, ಒಣಗಿಸೋಕೆ ಜಾಗ ಇಲ್ಲದೆ ಬಿಟ್ಟುಬಿಡುತ್ತಾರೆ.

ಮೊದಲ ವಾರವೇ ಎಲ್ಲವನ್ನೂ ಏಳೆಂಟು ಬಗೆ ಮಾಡೋಕೆ ಹೋಗಬೇಡಿ. ಮನೆಮಂದಿ ಬೇಸತ್ತು ಕೈಬಿಡುತ್ತಾರೆ. ಹಸಿ ಬೇರೆ, ಒಣ ಬೇರೆ, ಒಣಗಿದ್ದು ನಿಜವಾಗಿ ಒಣಗಿರಬೇಕು. ಇಷ್ಟು ರೂಢಿಯಾದ ಮೇಲೆ ಉಳಿದದ್ದು.

ಹೆಜ್ಜೆ 2: ಹಾಲಿನ ಕವರ್‌ನಿಂದ ಶುರು ಮಾಡಿ

ದಿನಕ್ಕೆ ಎರಡು ಅರ್ಧ ಲೀಟರ್ ಪ್ಯಾಕೆಟ್ ತರುವ ಮನೆಯಲ್ಲಿ ವರ್ಷಕ್ಕೆ 730 ಕವರ್ ಆಗುತ್ತವೆ. ಒಳ್ಳೆಯ ಗಟ್ಟಿ ಪಾಲಿಥೀನ್ ಅದು. ಗುಜರಿಯವರು ಸಂತೋಷದಿಂದ ತೆಗೆದುಕೊಳ್ಳುವ ಮಾಲು. ಆದರೆ ಸುಮ್ನೆ ಮುದುರಿ ಬುಟ್ಟಿಗೆ ಹಾಕಿದರೆ ಎರಡೇ ದಿನದಲ್ಲಿ ಹುಳಿ ನಾತ, ಮೂರನೇ ದಿನ ಹುಳ.

ಕತ್ತರಿಸುವಾಗಲೇ ಎಚ್ಚರ ಬೇಕು. ನಾವೆಲ್ಲ ಮೂಲೆ ಕತ್ತರಿಸಿ ಆ ಪುಟ್ಟ ತ್ರಿಕೋನವನ್ನು ಎತ್ತಲೋ ಹಾಕಿಬಿಡುತ್ತೇವೆ. ಉಗುರಿನಷ್ಟು ದೊಡ್ಡದು. ವಿಂಗಡಿಸುವವರು ಅದನ್ನು ಆರಿಸೋಕೆ ಆಗುವುದಿಲ್ಲ. ಹಸಿಕಸದಲ್ಲಿ ಸೇರಿ ಗೊಬ್ಬರಕ್ಕೆ ಹೋಗುತ್ತದೆ, ಮೋರಿಗೆ ಹೋಗುತ್ತದೆ, ದನದ ಹೊಟ್ಟೆಗೂ ಹೋಗುತ್ತದೆ. ಹಾಗಾಗಿ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಮುಕ್ಕಾಲು ಭಾಗ ಸೀಳಿ ನಿಲ್ಲಿಸಿ. ತುಂಡು ಕವರಿಗೇ ಅಂಟಿಕೊಂಡಿರುತ್ತದೆ, ಹಾಲು ಸಲೀಸಾಗಿ ಬರುತ್ತದೆ.

ಆಮೇಲೆ ಕವರ್‌ನೊಳಗೆ ಅರ್ಧ ಲೋಟ ನೀರು ಬಿಟ್ಟು, ಬಾಯಿ ಹಿಡಿದು ಎರಡು ಸಲ ಕುಲುಕಿ. ಆ ಬೆಳ್ಳಗಿನ ನೀರು ಕರಿಬೇವಿನ ಗಿಡಕ್ಕೆ ಹಾಕಿ. ನಂತರ ಒಂದು ಬದಿ ಉದ್ದಕ್ಕೆ ಸೀಳಿ ಕವರನ್ನು ಪೂರ್ತಿ ಹಾಳೆಯಂತೆ ಬಿಡಿಸಿ, ಒದ್ದೆ ಇರುವಾಗಲೇ ಸಿಂಕ್ ಹಿಂದಿನ ಟೈಲ್ಸ್‌ಗೆ ಪಟ್ಟನೆ ಅಂಟಿಸಿ. ಅದು ಅಲ್ಲೇ ನಿಲ್ಲುತ್ತದೆ. ಒಣಗುತ್ತಾ ಬಂದ ಹಾಗೆ ತುದಿ ಬಿಡುತ್ತದೆ. ಬೆಳಿಗ್ಗೆ ಅಂಟಿಸಿದ್ದು ಮಧ್ಯಾಹ್ನದ ಹೊತ್ತಿಗೆ ತಾನಾಗೇ ಕಳಚಿ ಕಟ್ಟೆ ಮೇಲೆ ಬಿದ್ದಿರುತ್ತದೆ. ಬಿದ್ದದ್ದೆಂದರೆ ಒಣಗಿದೆ ಅಂತಲೇ ಅರ್ಥ, ಚೀಲಕ್ಕೆ ಹಾಕಬಹುದು. ನಮ್ಮತ್ತೆ ಇದನ್ನು ಯಾರೂ ಹೇಳಿಕೊಡದೆ ಮೂವತ್ತು ವರ್ಷದಿಂದ ಮಾಡುತ್ತಿದ್ದಾರೆ. ಅವರಿಗೆ ಅದು ಮರುಬಳಕೆ ಅಂತ ಅಲ್ಲ, ಹಾಲಿನ ಕವರ್ ಮಾರಿ ಪಿನ್ನು, ದಾರ ತರುವ ಲೆಕ್ಕ.

ಈ ಕವರ್ ಕಾರ್ಖಾನೆಗೆ ಹೋದ ಮೇಲೆ ಮತ್ತೆ ತೊಳೆದು, ಚೂರು ಮಾಡಿ, ಕರಗಿಸಿ, ನೂಲಿನಂತೆ ಎಳೆದು, ಸಣ್ಣ ಸಣ್ಣ ಕಾಳಾಗಿ ಕತ್ತರಿಸುತ್ತಾರೆ. ಆ ಕಾಳಿಗೆ ವ್ಯಾಪಾರದಲ್ಲಿ ದಾಣಾ ಅನ್ನುವ ಹೆಸರು. ದಾಣಾದಿಂದ ತೋಟದ ಕಪ್ಪು ಪೈಪು, ಹೊದಿಕೆ ಹಾಳೆ, ಚೀಲ ಬರುತ್ತವೆ. ಅಂಥ ವಸ್ತುಗಳು ಹೆಚ್ಚಾಗಿ ಕಪ್ಪಗೇ ಯಾಕಿರುತ್ತವೆ ಗೊತ್ತಾ? ನೀಲಿ, ಹಸಿರು, ಕೇಸರಿ ಶಾಯಿ ಎಲ್ಲ ಒಟ್ಟಿಗೆ ಕರಗಿದರೆ ಕೊಳಕು ಬಣ್ಣ ಬರುತ್ತದೆ. ಅದನ್ನು ಮುಚ್ಚುವ ಬಣ್ಣ ಕಪ್ಪೊಂದೇ.

ಬ್ರೆಡ್ ಕವರ್, ಬೇಳೆ ಕವರ್, ಬಟ್ಟೆ ಅಂಗಡಿಯ ಪಾರದರ್ಶಕ ಕವರ್, ಗುಳ್ಳೆ ಹಾಳೆ ಎಲ್ಲಕ್ಕೂ ಇದೇ ಮದ್ದು. ಕೊರಿಯರ್ ಕವರ್ ಮೇಲಿನ ವಿಳಾಸದ ಕಾಗದ ಕಿತ್ತು ಹಾಕಿ. ಕಾಗದ ಅಂಟಿದ್ದರೆ ದಾಣಾ ಕೆಡುತ್ತದೆ. ನಿಮ್ಮ ಫೋನ್ ನಂಬರ್ ಬೀದಿಗೆ ಬೀಳುವುದೂ ತಪ್ಪುತ್ತದೆ.

ಹೆಜ್ಜೆ 3: ಗಟ್ಟಿ ಪ್ಲಾಸ್ಟಿಕ್‌ನ ತಳ ನೋಡಿ

ಬಾಟಲಿ, ಡಬ್ಬಿಗಳ ತಳದಲ್ಲಿ ಬಾಣದ ತ್ರಿಕೋನ, ಅದರೊಳಗೆ ಒಂದು ಅಂಕೆ ಇರುತ್ತದೆ. ಆ ತ್ರಿಕೋನ ಇದ್ದ ಮಾತ್ರಕ್ಕೆ ಅದು ಮರುಬಳಕೆ ಆಗುತ್ತದೆ ಅಂತಲ್ಲ. ಯಾವ ಜಾತಿಯ ಪ್ಲಾಸ್ಟಿಕ್ ಅನ್ನುವ ಗುರುತು ಅಷ್ಟೇ. 1 ಅಂದರೆ ಪೆಟ್, ನೀರಿನ ಬಾಟಲಿ, ಜ್ಯೂಸ್ ಬಾಟಲಿ. 2 ಎಚ್‌ಡಿಪಿಇ, ಶಾಂಪೂ ಬಾಟಲಿ, ಫಿನಾಯಿಲ್ ಕ್ಯಾನು. 5 ಪಿಪಿ, ಹೋಟೆಲಿನಿಂದ ಸಾಗು, ಚಟ್ನಿ ಬರುವ ಡಬ್ಬಿ. ಈ ಮೂರಕ್ಕೆ ಒಳ್ಳೆ ಬೇಡಿಕೆ. 4 ಎಲ್‌ಡಿಪಿಇ, ಮೇಲೆ ಹೇಳಿದ ಕವರ್. 3 ಪಿವಿಸಿ, 6 ಥರ್ಮೋಕೋಲ್ ಜಾತಿ, 7 ಬೆರಕೆ. ಈ ಕೊನೆಯ ಮೂರು ಕಷ್ಟದ ಗಿರಾಕಿಗಳು.

ಮಕ್ಕಳಿದ್ದರೆ ಒಂದು ಪ್ರಯೋಗ ಮಾಡಿ ತೋರಿಸಿ. ನೀರಿನ ಬಾಟಲಿಯಿಂದ ಒಂದು ಚೂರು, ಅದರ ಮುಚ್ಚಳದಿಂದ ಒಂದು ಚೂರು ಕತ್ತರಿಸಿ. ಬಕೆಟ್ ನೀರಿಗೆ ಹಾಕಿ ಬೆರಳಿನಿಂದ ಒತ್ತಿ ಬಿಡಿ. ಬಾಟಲಿ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಪೆಟ್ ನೀರಿಗಿಂತ ಭಾರ, ಮುಚ್ಚಳದ ಪ್ಲಾಸ್ಟಿಕ್ ಹಗುರ. ಕಾರ್ಖಾನೆಯಲ್ಲೂ ದೊಡ್ಡ ತೊಟ್ಟಿಯಲ್ಲಿ ಇದನ್ನೇ ಮಾಡಿ ಎರಡನ್ನೂ ಬೇರೆ ಮಾಡುತ್ತಾರೆ. ಪಿವಿಸಿ ಮಾತ್ರ ಪೆಟ್ ಜೊತೆಗೇ ಮುಳುಗುತ್ತದೆ. ಪೆಟ್ ಕರಗಿಸುವ 250 ಡಿಗ್ರಿ ಆಸುಪಾಸಿನ ಶಾಖದಲ್ಲಿ ಪಿವಿಸಿಯಿಂದ ಆಮ್ಲ ಬಿಡುಗಡೆಯಾಗಿ ಇಡೀ ಪಾಕ ಹಳದಿಯಾಗಿ ಕೆಡುತ್ತದೆ. ಹಳೇ ಪೈಪಿನ ತುಂಡು, ರೆಗ್ಸಿನ್ ಚೀಲ ಇದ್ದರೆ ಬಾಟಲಿ ಜೊತೆ ಸೇರಿಸದೆ ಬೇರೆ ಕಟ್ಟಿಡಿ.

ತೊಳೆದ ಪೆಟ್ ಚೂರು ಕರಗಿ, ಸಣ್ಣ ತೂತುಗಳ ಮೂಲಕ ಎಳೆಯಾಗಿ ಹೊರಬಂದು ಪಾಲಿಯೆಸ್ಟರ್ ನೂಲಾಗುತ್ತದೆ. ತಲೆದಿಂಬಿನೊಳಗಿನ ಹತ್ತಿಯಂಥ ತುಂಬು, ಆಟದ ಜೆರ್ಸಿ, ಚಾಪೆ ಎಲ್ಲ ಅದರಿಂದ ಬರುತ್ತವೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರಿಗೆ ಇಂಡಿಯನ್ ಆಯಿಲ್ ಇಂಥದೇ ಬಟ್ಟೆಯ ನೀಲಿ ಜಾಕೆಟ್ ಕೊಟ್ಟಿತ್ತು. ಅವರು ಅದನ್ನು ಹಾಕಿಕೊಂಡು ಸಂಸತ್ತಿಗೂ ಹೋಗಿದ್ದರು.

ಮನೆಯಲ್ಲಿ ಮಾಡಬೇಕಾದದ್ದು: ಬಾಟಲಿ ಖಾಲಿ ಮಾಡಿ, ಒಂದು ಸಲ ಕುಲುಕಿ ಚೆಲ್ಲಿ, ಬೋರಲು ಹಾಕಿ ಒಣಗಿಸಿ, ತುಳಿದು ಚಪ್ಪಟೆ ಮಾಡಿ. ಎಣ್ಣೆ ಡಬ್ಬಿಗೆ ಹೊಸ ನೀರು, ಹೊಸ ಸೋಪು ಖರ್ಚು ಮಾಡಬೇಡಿ. ಪಾತ್ರೆ ತೊಳೆದ ಕೊನೆಯ ಸೋಪಿನ ನೀರನ್ನೇ ಹಾಕಿ ಕುಲುಕಿದರೆ ಸಾಕು. ಹೋಟೆಲ್ ಡಬ್ಬಿಯೂ ಅಷ್ಟೇ, ಅನ್ನದ ಅಗುಳು, ಜಿಡ್ಡು ಹೋಗಿದ್ದರೆ ಆಯಿತು. ಅರಿಶಿನದ ಕಲೆ ಹೋಗದಿದ್ದರೂ ಪರವಾಗಿಲ್ಲ.

ಹೆಜ್ಜೆ 4: ಪೇಪರ್, ರಟ್ಟು

ಪೇಪರ್ ಮಾರುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಎರಡು ಮೂರು ತಪ್ಪು ನಡೆಯುತ್ತವೆ.

ಕಾಗದ ಅಂದರೆ ನೀರಿನಲ್ಲಿ ಬಿಡಿಸಿಕೊಳ್ಳುವ ನಾರು. ಕಾರ್ಖಾನೆಯಲ್ಲಿ ದೊಡ್ಡ ಹಂಡೆಯಲ್ಲಿ ನೀರು ಹಾಕಿ ಕಡೆದು ಅದನ್ನು ದೋಸೆ ಹಿಟ್ಟಿನಂತೆ ಮಾಡುತ್ತಾರೆ, ಶಾಯಿ ತೆಗೆಯುತ್ತಾರೆ, ಮತ್ತೆ ಹಾಳೆ ಎರೆಯುತ್ತಾರೆ. ಸ್ಟೇಪಲ್ ಪಿನ್ ಇದ್ದರೆ ಚಿಂತೆಯಿಲ್ಲ, ಅಯಸ್ಕಾಂತ ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಪದರ ಮೆತ್ತಿದ ಮದುವೆ ಕಾರ್ಡು, ಹೊಳೆಯುವ ಗಿಫ್ಟ್ ಹಾಳೆ, ಚಹಾ ಕುಡಿದ ಪೇಪರ್ ಕಪ್ಪು ಮಾತ್ರ ಆ ಹಂಡೆಯಲ್ಲಿ ಸುಲಭಕ್ಕೆ ಕರಗುವುದಿಲ್ಲ. ಎಣ್ಣೆ ಹೀರಿದ ಪಿಜ್ಜಾ ಡಬ್ಬಿಯೂ ಹಾಗೇ, ಎಣ್ಣೆ ನಾರನ್ನು ಬಿಡುವುದಿಲ್ಲ. ಡಬ್ಬಿಯ ಮೇಲ್ಮುಚ್ಚಳ ಚೊಕ್ಕಟವಿದ್ದರೆ ಅದನ್ನು ಹರಿದು ರಟ್ಟಿಗೆ ಸೇರಿಸಿ, ಜಿಡ್ಡಿನ ತಳ ಚೂರು ಮಾಡಿ ಗೊಬ್ಬರದ ಬುಟ್ಟಿಗೆ ಹಾಕಿ. ಅಂಗಡಿ ಬಿಲ್ಲಿನ ನುಣುಪು ಕಾಗದ ರಾಸಾಯನಿಕ ಸವರಿದ್ದು. ಪೇಪರ್ ಚೀಲಕ್ಕೂ ಬೇಡ, ಗೊಬ್ಬರಕ್ಕೂ ಬೇಡ.

ಪ್ರತಿ ಸಲ ಕಡೆದಾಗಲೂ ನಾರು ಗಿಡ್ಡವಾಗುತ್ತದೆ. ಒಂದು ನಾರು ಸುಮಾರು ಐದರಿಂದ ಏಳು ಸಲ ಹೀಗೆ ಕಾಗದವಾಗಬಹುದು. ಒಳ್ಳೆ ಬಿಳಿ ಹಾಳೆ ಮುಂದೆ ದಿನಪತ್ರಿಕೆಯ ಕಾಗದ, ಅಲ್ಲಿಂದ ಕಂದು ರಟ್ಟು, ಕೊನೆಗೆ ಮೊಟ್ಟೆ ಟ್ರೇ. ಕಿರಾಣಿ ಅಂಗಡಿಯ ಬೂದು ಬಣ್ಣದ ಮೊಟ್ಟೆ ಟ್ರೇ ಹತ್ತಿರದಿಂದ ನೋಡಿ, ಕೆಲವೊಮ್ಮೆ ಅಕ್ಷರದ ಚೂರು ಕಾಣುತ್ತದೆ.

ಬೋಂಡಾ, ಬಜ್ಜಿ, ವಡೆಯನ್ನು ಹಳೇ ಪೇಪರ್‌ನಲ್ಲಿ ಕಟ್ಟಿಸಿಕೊಳ್ಳಬೇಡಿ. ಶಾಯಿ ಬಿಸಿ ಎಣ್ಣೆಗೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮರುಬಳಕೆ ಅಂತ ಹೇಳಿ ಹೊಟ್ಟೆ ಕೆಡಿಸಿಕೊಳ್ಳುವುದು ಬೇಡ.

ರಟ್ಟಿನ ಪೆಟ್ಟಿಗೆಯ ಟೇಪ್ ಕಿತ್ತು, ಚಪ್ಪಟೆ ಮಾಡಿ, ಮಳೆ ತಾಗದ ಕಡೆ ಇಡಿ.

ಹೆಜ್ಜೆ 5: ಲೋಹ ಮತ್ತು ಗಾಜು

ಫ್ರಿಜ್‌ಗೆ ಅಂಟಿಸಿದ ಅಯಸ್ಕಾಂತ ತೆಗೆದು ಡಬ್ಬಕ್ಕೆ ಹಿಡಿಯಿರಿ. ಅಂಟಿದರೆ ಕಬ್ಬಿಣ, ಅಂಟದ ಹಗುರ ಕ್ಯಾನ್ ಅಲ್ಯೂಮಿನಿಯಂ. ಬಾಕ್ಸೈಟ್ ಅಗೆದು ಹೊಸ ಅಲ್ಯೂಮಿನಿಯಂ ಮಾಡುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸುವುದಕ್ಕೆ ಸುಮಾರು 95 ಪರ್ಸೆಂಟ್ ಕಡಿಮೆ ಶಕ್ತಿ ಸಾಕು. ಹಾಗಾಗಿ ಒಂದು ಕ್ಯಾನನ್ನೂ ಎಸೆಯಬೇಡಿ. ಊಟ ಸುತ್ತಿದ ಫಾಯಿಲ್ ಒರೆಸಿ, ಹಿಂದಿನದರ ಮೇಲೆ ಸುತ್ತುತ್ತಾ ಉಂಡೆ ಮಾಡಿ. ಲಿಂಬೆ ಹಣ್ಣಿನಷ್ಟು ದಪ್ಪ ಆದ ಮೇಲೆ ಚೀಲಕ್ಕೆ ಹಾಕಿ, ಬಿಡಿ ಚೂರು ಯಾರ ಕೈಗೂ ಸಿಗುವುದಿಲ್ಲ. ಗುಜರಿ ಕಬ್ಬಿಣ ಫೌಂಡ್ರಿಗಳಿಗೆ ಹೋಗುತ್ತದೆ. ಬೆಳಗಾವಿ, ಶಿವಮೊಗ್ಗದ ಎರಕದ ಕೆಲಸಕ್ಕೆ ದೊಡ್ಡ ಹೆಸರಿದೆ. ನಮ್ಮ ತುಕ್ಕು ಹಿಡಿದ ಕಿಟಕಿ ಸರಳು ಅಂಥ ಕಡೆ ಪಂಪಿನ ಭಾಗವಾಗಿ ಹೊಸ ಜನ್ಮ ಪಡೆಯಬಹುದು. ಸೊಳ್ಳೆ ಸ್ಪ್ರೇ, ಸೆಂಟು ಡಬ್ಬಗಳನ್ನು ಮಾತ್ರ ಚುಚ್ಚಬೇಡಿ, ಬಿಸಿಲಿಗೂ ಇಡಬೇಡಿ. ಪೂರ್ತಿ ಖಾಲಿ ಮಾಡಿ ಬೇರೆ ಕೊಡಿ.

ಗಾಜು ಎಷ್ಟು ಸಲ ಕರಗಿಸಿದರೂ ಗುಣ ಕಳೆದುಕೊಳ್ಳುವುದಿಲ್ಲ. ಇಷ್ಟು ಒಳ್ಳೆ ವಸ್ತುವಾದರೂ ಭಾರ ಜಾಸ್ತಿ, ಬೆಲೆ ಕಡಿಮೆ, ಕೈ ಕೊಯ್ಯುತ್ತದೆ. ಅದಕ್ಕೇ ಎಲ್ಲರೂ ಹಿಂಜರಿಯುತ್ತಾರೆ. ಇಡೀ ಬಾಟಲಿ ಒಡೆಯದೆ ಕೊಟ್ಟರೆ ತೊಳೆದು ಮತ್ತೆ ತುಂಬಿಸುವ ಸಾಧ್ಯತೆ ಇದೆ. ಬಿಯರ್ ಬಾಟಲಿಗಳು ಹೀಗೇ ಸುತ್ತು ಹೊಡೆಯುತ್ತವೆ. ಒಡೆದ ಗಾಜು ಸುಮಾರು 1500 ಡಿಗ್ರಿ ಶಾಖದ ಕುಲುಮೆಗೆ ಹೋಗುತ್ತದೆ. ಪಿಂಗಾಣಿ ಕಪ್ಪು, ಓವನ್ ಪಾತ್ರೆಯ ಗಾಜು ಅದರಲ್ಲಿ ಸೇರಬಾರದು. ಅವು ಆ ಶಾಖದಲ್ಲಿ ಸರಿಯಾಗಿ ಕರಗದೆ ಹೊಸ ಬಾಟಲಿಯಲ್ಲಿ ಕಲ್ಲಿನ ಹಾಗೆ ಉಳಿದು ಬಿರುಕು ಬಿಡಿಸುತ್ತವೆ.

ಒಡೆದ ಗಾಜು ಕೊಡುವಾಗ ದಪ್ಪ ಪೇಪರ್‌ನಲ್ಲಿ ಎರಡು ಸುತ್ತು ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ದೊಡ್ಡದಾಗಿ "ಗಾಜು" ಅಂತ ಬರೆಯಿರಿ. ಓದೋಕೆ ಬಾರದವರೂ ಇರುತ್ತಾರೆ, ಹಾಗಾಗಿ ಕೆಂಪು ಪೆನ್ನಿನಲ್ಲಿ ಒಂದು ಕತ್ತರಿ ಗುರುತು ಹಾಕಿ, ಕೈಗೆ ಕೊಡುವಾಗ ಬಾಯಲ್ಲೂ ಹೇಳಿ. ಕೇಂದ್ರದಲ್ಲಿ ನಾನು ನೋಡಿದ ಎಲ್ಲ ಕೈಗಳ ಮೇಲೂ ಕೊಯ್ದ ಗೀರು ಇದ್ದವು.

ಹೆಜ್ಜೆ 6: ಚಿಪ್ಸ್ ಪ್ಯಾಕೆಟ್, ಜ್ಯೂಸ್ ಡಬ್ಬಿ, ಥರ್ಮೋಕೋಲ್

ಚಿಪ್ಸ್ ಪ್ಯಾಕೆಟ್ ಒಳಗೆ ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದು ಪ್ಲಾಸ್ಟಿಕ್ ಪದರಗಳ ಮೇಲೆ ಸವರಿದ ಲೋಹ. ಪದರ ಬಿಡಿಸೋಕೆ ಕಷ್ಟ, ಹಾಗಾಗಿ ಗುಜರಿಯವರು ಮುಟ್ಟುವುದಿಲ್ಲ. ಆದರೂ ಒಣಕಸದ ಚೀಲಕ್ಕೇ ಹಾಕಿ. ಕೇಂದ್ರದಿಂದ ಇಂಥದ್ದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಲ್ಲಿದ್ದಲಿನ ಜೊತೆ ಉರುವಲಾಗಿ ಹೋಗಬಹುದು. ನಿಜ ಹೇಳಬೇಕೆಂದರೆ ಇದು ಮರುಬಳಕೆ ಅಲ್ಲ, ಸುಡುವುದೇ. ಮೋರಿಯಲ್ಲಿ ಬೀಳುವುದಕ್ಕಿಂತ ಮೇಲು, ಅಷ್ಟೇ. ಇಂಥ ಪ್ಯಾಕೆಟ್ ಕಡಿಮೆ ಕೊಳ್ಳುವುದೇ ಸರಿಯಾದ ದಾರಿ. ಬೇಕರಿಗೆ ಡಬ್ಬಿ ತೆಗೆದುಕೊಂಡು ಹೋದರೆ ಖಾರಾಬೂಂದಿ ಅದರಲ್ಲೇ ಹಾಕಿಕೊಡುತ್ತಾರೆ.

ಮನೆ ಮುಂದೆ ಮಾತ್ರ ಯಾವ ಪ್ಲಾಸ್ಟಿಕ್ಕನ್ನೂ ಸುಡಬೇಡಿ. ಸಿಮೆಂಟ್ ಕುಲುಮೆಯ ಶಾಖ ಬೇರೆ, ಬೀದಿ ಬದಿ ಬೆಂಕಿ ಬೇರೆ. ಆ ಹೊಗೆ ಮೊದಲು ಹೋಗುವುದು ನಮ್ಮ ಮಕ್ಕಳ ಶ್ವಾಸಕ್ಕೆ. ಬಯಲಲ್ಲಿ ಕಸ ಸುಟ್ಟರೆ 5000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಕೆಲವು ಜಾತಿಯ ಕವರ್‌ಗಳಿಗೆ ರಸ್ತೆಯಲ್ಲೂ ಜಾಗ ಸಿಕ್ಕಿದೆ. ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಾಜಗೋಪಾಲನ್ ವಾಸುದೇವನ್ ಇದರ ದಾರಿ ತೋರಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಜಲ್ಲಿಯನ್ನು ಚೆನ್ನಾಗಿ ಬಿಸಿ ಮಾಡಿ ಅದರ ಮೇಲೆ ಪ್ಲಾಸ್ಟಿಕ್ ಚೂರು ಉದುರಿಸುತ್ತಾರೆ. ಅದು ಕರಗಿ ಜಲ್ಲಿಗೆ ಲೇಪವಾಗುತ್ತದೆ, ಆಮೇಲೆ ಡಾಂಬರು. ನೀರು ಜಲ್ಲಿಗೂ ಡಾಂಬರಿಗೂ ಮಧ್ಯೆ ಇಳಿಯುವುದು ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲೂ 2000ರ ದಶಕದಿಂದ ಪ್ಲಾಸ್ಟಿಕ್ ಬೆರೆಸಿದ ರಸ್ತೆಗಳು ಆಗಿವೆ. ಇದಕ್ಕೂ ಕವರ್ ಒಣಗಿರಬೇಕು, ಪಿವಿಸಿ ಇರಬಾರದು.

ಟೆಟ್ರಾ ಪ್ಯಾಕ್ ಡಬ್ಬಿಯಲ್ಲಿ ಸುಮಾರು ಮುಕ್ಕಾಲು ಪಾಲು ರಟ್ಟು, ಉಳಿದದ್ದು ಪ್ಲಾಸ್ಟಿಕ್, ಸ್ವಲ್ಪ ಅಲ್ಯೂಮಿನಿಯಂ. ರಟ್ಟಿನ ನಾರು ಬೇರೆ ಮಾಡಿ ಕಾಗದಕ್ಕೆ ಬಳಸುತ್ತಾರೆ. ಉಳಿದ ಬೆರಕೆಯನ್ನು ಒತ್ತಿ ಚಾವಣಿ ಶೀಟು, ಬೆಂಚು ಮಾಡುತ್ತಾರೆ. ನಾಲ್ಕು ಕಿವಿ ಬಿಡಿಸಿ, ತೊಳೆದು, ಚಪ್ಪಟೆ ಮಾಡಿ ಕೊಡಿ. ಥರ್ಮೋಕೋಲ್ ಬಹುಪಾಲು ಗಾಳಿಯೇ. ಲಾರಿ ತುಂಬಿದರೂ ತೂಕ ಬರುವುದಿಲ್ಲ, ಹಾಗಾಗಿ ಕೊಳ್ಳುವವರಿಲ್ಲ. ಟಿವಿ, ಮಿಕ್ಸಿ ಮನೆಗೆ ಬಂದಾಗ ಬಿಚ್ಚಿಸಿ, ಥರ್ಮೋಕೋಲನ್ನು ತಂದವರ ಕೈಯಲ್ಲೇ ವಾಪಸ್ ಕಳಿಸಲು ಕೇಳಿ ನೋಡಿ. ನನಗೆ ಎರಡು ಸಲ ಒಪ್ಪಿದ್ದಾರೆ.

ಹೆಜ್ಜೆ 7: ಹಳೇ ಬಟ್ಟೆ

ಹರಿದ ಬನಿಯನ್ನು, ಒಗ್ಗದ ಶಾಲಾ ಸಮವಸ್ತ್ರ, ಜರಿ ಕಿತ್ತ ಸೀರೆ. ಇವನ್ನು ಮೂರು ಪಾಲು ಮಾಡಿ. ಉಡುವ ಸ್ಥಿತಿಯಲ್ಲಿದ್ದರೆ ಒಗೆದು, ಗುಂಡಿ ಹೊಲಿದು, ಮಡಚಿ ಕೊಡಿ. ಕೊಳಕು ಬಟ್ಟೆ ದಾನ ಮಾಡುವುದು ತೆಗೆದುಕೊಳ್ಳುವವರಿಗೆ ಅವಮಾನ. ಹರಿದ ಹತ್ತಿ ಬಟ್ಟೆ ಒರೆಸುವುದಕ್ಕೆ ಬರುತ್ತದೆ, ಗ್ಯಾರೇಜಿನವರು ಕೇಳಿ ತೆಗೆದುಕೊಳ್ಳುತ್ತಾರೆ. ಉಣ್ಣೆ, ಸ್ವೆಟರ್ ಹರಿಯಾಣದ ಪಾಣಿಪತ್ ದಾರಿ ಹಿಡಿಯುತ್ತವೆ. ಅಲ್ಲಿ ಹಳೇ ಉಣ್ಣೆ ಬಟ್ಟೆಯನ್ನು ಬಣ್ಣದ ಪ್ರಕಾರ ವಿಂಗಡಿಸಿ, ಹಿಂಜಿ, ಮತ್ತೆ ನೂತು ಕಂಬಳಿ ನೇಯುವ ದೊಡ್ಡ ಉದ್ಯಮವೇ ಇದೆ.

ಮೆತ್ತಗಾದ ಹತ್ತಿ ಸೀರೆ, ಪಂಚೆ ಇದ್ದರೆ ಮಾರಬೇಡಿ, ತುಂಡು ಕೂಡಿಸಿ ಹೊದೆಯೋಕೆ ಕೌದಿ ಹೊಲಿಸಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಇಲ್ಲದೆ ಚಳಿಗಾಲ ಕಳೆದದ್ದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಸುತ್ತಲೂ ಬಟ್ಟೆ ತುಂಡು ಕೂಡಿಸುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ಕೆಂಪು ಕುಬುಸದ ತುಂಡಿನ ಪಕ್ಕ ಮಗನ ಹಳೇ ಅಂಗಿಯ ಚೌಕಳಿ, ಅದರ ಪಕ್ಕ ಅಜ್ಜಿಯ ಸೀರೆ. ಕೈ ಹೊಲಿಗೆಯ ಸಾಲು ಪೂರ್ತಿ ಓಡಿರುತ್ತದೆ. ನಾಲ್ಕು ಮೂಲೆಗೆ ಹೂವಿನ ಹಾಗೆ ಮಡಚಿದ ಪುಟ್ಟ ತುಂಡು ಇಟ್ಟು ಮುಗಿಸುತ್ತಾರೆ. ಹೊಲಿಯುವವರು ಹತ್ತಿರದಲ್ಲಿದ್ದರೆ ಸರಿಯಾದ ಕೂಲಿ ಕೊಟ್ಟು ಹೊಲಿಸಿ, ಚೌಕಾಸಿ ಮಾಡಬೇಡಿ. ಒಂದು ಕೌದಿಗೆ ಎಷ್ಟು ದಿನದ ಕಣ್ಣು, ಬೆರಳು ಸವೆಯುತ್ತದೆ ಅಂತ ಪಕ್ಕದಲ್ಲಿ ಕೂತು ನೋಡಿದವರಿಗೆ ಗೊತ್ತು.

ಹೆಜ್ಜೆ 8: ಪೆಟ್ಟಿಗೆಯಲ್ಲಿಟ್ಟ ಬ್ಯಾಟರಿ, ಬಲ್ಬು, ಫೋನು

ಇವನ್ನು ಒಣಕಸದ ಚೀಲಕ್ಕೆ ಹಾಕಲೇಬಾರದು. ಫೋನಿನ ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿದರೆ ಬೆಂಕಿ ಹತ್ತುತ್ತದೆ. ಉಬ್ಬಿದ ಬ್ಯಾಟರಿ ಇದ್ದರೆ ತುದಿಗಳಿಗೆ ಟೇಪ್ ಸುತ್ತಿ, ಬಿಸಿಲು ತಾಗದಂತೆ ಇಟ್ಟು, ಬೇಗ ಸಾಗಿಸಿ. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ. ಹೊಸದು ಬಂದ ರಟ್ಟಿನ ಕೊಳವೆಯಲ್ಲೇ ಹಳೆಯದನ್ನು ಇಡಿ.

ಸರ್ಕ್ಯೂಟ್ ಬೋರ್ಡಿನಲ್ಲಿ ತಾಮ್ರ, ಬೆಳ್ಳಿ, ಒಂದಿಷ್ಟು ಬಂಗಾರವೂ ಇದೆ. ಅದಕ್ಕಾಗಿ ಹಿತ್ತಲಲ್ಲಿ ಆಸಿಡ್ ಸುರಿಯುವ, ವೈರ್ ಸುಡುವ ಕೆಲಸ ಎಷ್ಟೋ ಕಡೆ ನಡೆಯುತ್ತದೆ. ಆ ವಿಷ ಕುಡಿಯುವವರು ಬಡವರು. ಅದಕ್ಕೇ ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೇ ಕೊಡಿ. ಬೆಂಗಳೂರು ಇದರಲ್ಲಿ ಮುಂದಿದೆ, ಡಾಬಸ್‌ಪೇಟೆಯ ಇ-ಪರಿಸರ 2005ರಲ್ಲೇ ಶುರುವಾದದ್ದು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪ್ರಕಾರ ತಯಾರಕರೇ ಮರುಬಳಕೆಯ ಹೊಣೆ ಹೊರಬೇಕು. ಹೊಸ ಫೋನ್ ಕೊಳ್ಳುವಾಗ ಅಂಗಡಿಯಲ್ಲಿ ಹಳೆಯದನ್ನು ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಕೊಡುವ ಮುಂಚೆ ಫೋಟೊ, ಬ್ಯಾಂಕ್ ವಿವರ ಅಳಿಸಿ, ಸಿಮ್ ತೆಗೆಯಿರಿ.

ಇನ್ವರ್ಟರ್, ಸ್ಕೂಟರಿನ ಸೀಸದ ಬ್ಯಾಟರಿ ಬಿಚ್ಚಬೇಡಿ, ಆಸಿಡ್ ಚೆಲ್ಲಬೇಡಿ. ಹಾಗೇ ಅಂಗಡಿಗೆ ಒಯ್ದರೆ ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ.

ಹೆಜ್ಜೆ 9: ಯಾರ ಕೈಗೆ ಕೊಡಬೇಕು

ಬೀದಿಗೆ ಬರುವ ಗುಜರಿಯವರು, ಪಕ್ಕದ ರಸ್ತೆಯ ಹಳೇ ಪೇಪರ್ ಅಂಗಡಿ, ವಾರ್ಡಿನ ಒಣಕಸ ಕೇಂದ್ರ, ಪಾಲಿಕೆಯ ಒಣಕಸದ ಗಾಡಿ. ಪೇಪರ್, ಲೋಹ, ಬಾಟಲಿಗೆ ಮೊದಲಿನವರು ಸಾಕು. ಹಾಲಿನ ಕವರ್ ಬಿಟ್ಟು ಉಳಿದ ಕವರ್, ಟೆಟ್ರಾ ಪ್ಯಾಕ್, ಚಿಪ್ಸ್ ಪ್ಯಾಕೆಟ್ ಅವರಿಗೆ ಬೇಡ, ಅವನ್ನು ಗಾಡಿಗೋ ಕೇಂದ್ರಕ್ಕೋ ಕೊಡಬೇಕು. ಇಲ್ಲೊಂದು ಮಾತು. ಬೆಲೆ ಬರುವುದನ್ನೆಲ್ಲ ನಾವೇ ಮಾರಿಕೊಂಡು, ಬೆಲೆ ಇಲ್ಲದ್ದನ್ನು ಮಾತ್ರ ಗಾಡಿಗೆ ಹಾಕಿದರೆ ಕೇಂದ್ರ ನಡೆಸುವವರ ಲೆಕ್ಕ ಕೂಡುವುದಿಲ್ಲ. ನಾನು ಈಗ ಹಾಲಿನ ಕವರ್, ಬಾಟಲಿ, ರಟ್ಟು ಎಲ್ಲವನ್ನೂ ಕೇಂದ್ರಕ್ಕೇ ಕೊಡುತ್ತೇನೆ. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಘಟನೆಗಳಿಂದಾಗಿ ಚಿಂದಿ ಆಯುತ್ತಿದ್ದವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಅವರಲ್ಲಿ ಕೆಲವರು ಒಣಕಸ ಕೇಂದ್ರಗಳನ್ನೇ ನಡೆಸುತ್ತಿದ್ದಾರೆ.

ಮೈಸೂರಿನವರು ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ಒಮ್ಮೆ ಕೇಳಿಕೊಂಡು ಹೋಗಿ ನೋಡಿ, ಮಕ್ಕಳನ್ನೂ ಕರೆದೊಯ್ಯಿರಿ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣ, ಅಂದರೆ ಕಸ ವಿಂಗಡಿಸುವ ಘಟಕ ಎಲ್ಲಿದೆ, ಗಾಡಿ ಯಾವ ದಿನ ಬರುತ್ತದೆ ಅಂತ ವಿಚಾರಿಸಿ. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಂಗಸರೇ ಗಾಡಿ ಓಡಿಸಿಕೊಂಡು ಬಂದು ಒಯ್ಯುತ್ತಾರೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಹತ್ತಾರು ಪಂಚಾಯಿತಿಗಳ ಒಣಕಸ ಬಂದು ಸೇರುವ ದೊಡ್ಡ ಘಟಕವಿದೆ. ಕವರ್‌ಗಳನ್ನೆಲ್ಲ ಬಗೆಬಗೆಯಾಗಿ ವಿಂಗಡಿಸಿ, ಒತ್ತಿ, ಚೌಕದ ಕಟ್ಟು ಕಟ್ಟಿ ಸಾಗಿಸುತ್ತಾರೆ.

ತೆಂಗಿನ ಚಿಪ್ಪು, ಎಳನೀರು ಬುರುಡೆಯನ್ನು ಅನ್ನ, ಸಿಪ್ಪೆ ಜೊತೆ ಹಾಕಬೇಡಿ, ಗೊಬ್ಬರವಾಗೋಕೆ ತುಂಬಾ ದಿನ ಹಿಡಿಯುತ್ತವೆ. ಬೇರೆ ಕಟ್ಟಿ ಕೊಡಿ. ಚಿಪ್ಪು ಸುಟ್ಟ ಇದ್ದಿಲಿನಿಂದಲೇ ನೀರಿನ ಫಿಲ್ಟರ್‌ನೊಳಗಿನ ಕರಿ ಪುಡಿ ಮಾಡುತ್ತಾರೆ.

ಚೀಲ ಕೊಡುವ ದಿನ ಒಮ್ಮೆ ಕೈ ಹಾಕಿ ನೋಡಿ, ಒಳಗೆ ಎಲ್ಲಾದರೂ ಒದ್ದೆ ತಾಗುತ್ತಾ ಅಂತ. ತಾಗಿದರೆ ಆ ವಸ್ತು ತೆಗೆದು ದಾರಕ್ಕೆ ಸಿಕ್ಕಿಸಿ, ಮುಂದಿನ ವಾರ ಕೊಟ್ಟರಾಯಿತು. ಬಾಯಿಗೆ ಬಿಗಿಯಾಗಿ ಮೂರು ಗಂಟು ಹಾಕಬೇಡಿ. ಬಿಗಿ ಗಂಟು ಬಿಚ್ಚುವಷ್ಟು ಪುರುಸೊತ್ತು ಅವರಿಗಿಲ್ಲ, ಚೀಲ ಹರಿಯುತ್ತಾರೆ. ಒಂದು ಸುತ್ತು ಸಡಿಲವಾಗಿ ತಿರುಚಿ ಕೊಡಿ. ಖಾಲಿ ಮಾಡಿದ ಚೀಲವನ್ನು ನಮ್ಮ ಗಾಡಿಯವರು ಮಡಚಿ ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ. ನಮ್ಮ ಮನೆಯ ಆ ಅಕ್ಕಿ ಚೀಲಕ್ಕೆ ಈಗ ನಾಲ್ಕನೇ ವರ್ಷ.